ಬೆರಳಿಗೆ ಕಣ್ಣು ಬರುವ ತನಕ

ತುಮಕೂರು ರಸ್ತೆಯಲ್ಲಿ ಮಾದಾವರ ದಾಟಿ ಮಾದನಾಯಕನಹಳ್ಳಿಯ ಕಡೆ ಹೋಗುವವರಿಗೆ ಮೊದಲು ಕಣ್ಣಿಗೆ ಬೀಳುವುದು ಲಾರಿಗಳು. ಪೀಣ್ಯದ ಕಾರ್ಖಾನೆಗಳಿಂದ ಹೊರಟದ್ದು, ಗೋದಾಮುಗಳಿಗೆ ಬಂದದ್ದು, ನೆಲಮಂಗಲದಾಚೆ ಹುಬ್ಬಳ್ಳಿ, ಮುಂಬೈ ದಿಕ್ಕಿಗೆ ಮುಖ ಮಾಡಿದ್ದು. 2024ರ ನವೆಂಬರ್ 7ರಂದು ಮೆಟ್ರೊದ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ಬಂದ ಮೇಲೆ ಜನರ ಓಡಾಟಕ್ಕೆ ಸ್ವಲ್ಪ ಅನುಕೂಲವಾಗಿದೆ. ಲಾರಿಗಳಿಗೆ ಮಾತ್ರ ಅದೇ ರಸ್ತೆ, ಅದೇ ದೂಳು. ಈ ಲಾರಿಗಳಿಗೂ ನಿಮ್ಮ ಮನೆಯ ಎಂಟನೇ ತರಗತಿಯ ಹುಡುಗನೋ ಪಿಯುಸಿ ಹುಡುಗಿಯೋ ಗಣಕದ ಮುಂದೆ ಕೂತು ಬೆರಳಚ್ಚು ಕಲಿಯುವುದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಸಂಬಂಧ ಇದೆ.

ಸಾಮಾನ್ಯವಾಗಿ 50 ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಸರಕನ್ನು ಹೊತ್ತ ಲಾರಿ ಗೇಟು ದಾಟಬೇಕಾದರೆ ಇ-ವೇ ಬಿಲ್ ಬೇಕು. 2018ರ ಏಪ್ರಿಲ್ 1ರಂದು ಇದು ಅಂತರರಾಜ್ಯ ಸಾಗಣೆಗೆ ಜಾರಿಗೆ ಬಂದಾಗ, ಅದೇ ದಿನ ರಾಜ್ಯದ ಒಳಗಿನ ಸಾಗಣೆಗೂ ಜಾರಿ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. ಈ ಬಿಲ್ಲನ್ನು ಕೈಯಲ್ಲಿ ಬರೆಯುವಂತಿಲ್ಲ. ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಕೂತು ಕೀಲಿಮಣೆಯಲ್ಲಿ ಕುಟ್ಟಬೇಕು. ಮಾರುವವರದು ಒಂದು, ಕೊಳ್ಳುವವರದು ಇನ್ನೊಂದು ಎಂದು 15 ಅಕ್ಷರ, ಅಂಕಿಗಳ ಜಿಎಸ್‌ಟಿ ಸಂಖ್ಯೆ. ಕರ್ನಾಟಕದ್ದಾದರೆ 29ರಿಂದ ಆರಂಭ. ಆಮೇಲೆ ಬಿಲ್ಲಿನ ಸಂಖ್ಯೆ, ಸರಕಿನ ಸಂಕೇತ, ಬೆಲೆ. ಕೊನೆಗೆ ಲಾರಿಯ ನೋಂದಣಿ ಸಂಖ್ಯೆ, ನೆಲಮಂಗಲದ ಗಾಡಿಯಾದರೆ ಕೆಎ 52. ಹೊರಗೆ ಚಾಲಕ ಹಾರ್ನ್ ಬಾರಿಸುತ್ತಿರುತ್ತಾನೆ. ಒಳಗೆ ಈ ಹುಡುಗಿ ಕಾಗದ ನೋಡಿ, ಕೀಲಿ ನೋಡಿ, ಪರದೆ ನೋಡಿ, ಮತ್ತೆ ಕಾಗದದಲ್ಲಿ ಎಲ್ಲಿದ್ದೆ ಎಂದು ಹುಡುಕಿ, ಒಂದು ಬೆರಳಿನಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಹೆಕ್ಕುತ್ತಿರುತ್ತಾಳೆ.

ಇ-ವೇ ಬಿಲ್ ಒಮ್ಮೆ ಹುಟ್ಟಿತೆಂದರೆ ಅದರೊಳಗಿನ ಸರಕಿನ ವಿವರವನ್ನು ತಿದ್ದುವಂತಿಲ್ಲ. 24 ಗಂಟೆಯೊಳಗೆ ರದ್ದು ಮಾಡಿ ಹೊಸದು ಮಾಡಬೇಕು. ಲಾರಿಯ ಸಂಖ್ಯೆಯಲ್ಲಿ ಒಂದೆರಡು ಅಂಕಿ ಅದಲುಬದಲಾದರೆ ಅದಕ್ಕಾಗಿ ಸರಕನ್ನೇ ತಡೆದು ನಿಲ್ಲಿಸಬಾರದು, ಕೇಂದ್ರದ ಪಾಲು 500 ಮತ್ತು ರಾಜ್ಯದ ಪಾಲು 500 ಸೇರಿ ಸಾವಿರ ರೂಪಾಯಿ ದಂಡ ಹಾಕಿ ಬಿಡಬೇಕೆಂದು 2018ರ ಸೆಪ್ಟೆಂಬರಿನಲ್ಲಿ ಸುತ್ತೋಲೆಯೇ ಬಂತು. ಇಂಥ ಸುತ್ತೋಲೆ ಬರಬೇಕಾಯಿತು ಎಂದರೆ ದೇಶದ ತುಂಬ ಎಷ್ಟು ಬೆರಳುಗಳು ಎಷ್ಟು ಸಲ ತಪ್ಪು ಕೀಲಿಗೆ ಬಿದ್ದಿರಬೇಕು, ನೀವೇ ಊಹಿಸಿ.

ಪೀಣ್ಯದ ಸುತ್ತಮುತ್ತ ಮನೆ ಮಾಡಿರುವ ತಂದೆ ತಾಯಿ ಅನೇಕರು ಮಕ್ಕಳಿಗೆ ಗಣಕದ ವಿದ್ಯೆ ಬರಲಿ ಎಂದು ದುಡ್ಡು ಖರ್ಚು ಮಾಡುತ್ತಾರೆ. ಮಗ ಕೋಡಿಂಗ್ ಕಲಿಯುತ್ತಿದ್ದಾನೆ, ಮಗಳು ಟ್ಯಾಲಿ ಕಲಿಯುತ್ತಿದ್ದಾಳೆ ಎನ್ನುತ್ತಾರೆ. ಸಂತೋಷ. ಆದರೆ ಅವನು ಎರಡು ಬೆರಳಿನಲ್ಲೇ ಕೋಡಿಂಗ್ ಮಾಡುತ್ತಿದ್ದಾನೆ, ಅವಳು ಒಂದು ಬೆರಳಿನಲ್ಲೇ ಟ್ಯಾಲಿ ತುಂಬುತ್ತಿದ್ದಾಳೆ. ಅಡಿಪಾಯವಿಲ್ಲದೆ ಮಾಳಿಗೆ ಎನ್ನುವಷ್ಟು ಕಟುವಾಗಿ ನಾನು ಹೇಳುವುದಿಲ್ಲ. ಆದರೂ ಒಂದು ರೂಪಾಯಿ ಶುಲ್ಕವಿಲ್ಲದೆ ಕಲಿಯಬಹುದಾದ ಒಂದು ಕೈಕೆಲಸವನ್ನು ಬಿಟ್ಟು ಉಳಿದೆಲ್ಲಕ್ಕೂ ಶುಲ್ಕ ಕಟ್ಟುವುದು ವಿಚಿತ್ರವಲ್ಲವೆ?

ಹಿಂದೆ ಇದು ಹೀಗಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರುವಾರವೇ ಮಕ್ಕಳನ್ನು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸುವುದು ನಮ್ಮ ಮಧ್ಯಮ ವರ್ಗದ ಮನೆಗಳ ಕಟ್ಟಳೆಯಾಗಿತ್ತು. ಫಲಿತಾಂಶ ಬರುವ ತನಕ ಖಾಲಿ ಕೂರಬಾರದು, ಅಷ್ಟೆ. ಮಹಡಿಯ ಮೇಲೊಂದು ಕೋಣೆ, ಸಾಲಾಗಿ ರೆಮಿಂಗ್ಟನ್, ಹಾಲ್ಡಾ, ಗೋದ್ರೆಜ್ ಯಂತ್ರಗಳು, ಬೆಳಿಗ್ಗೆ ಆರರಿಂದ ರಾತ್ರಿಯ ತನಕ ಗಂಟೆಗೊಂದು ತಂಡ. ಬೀದಿಗೆಲ್ಲ ಕೇಳುವ ಕಟಕಟ ಸದ್ದು. ಎ ಎಸ್ ಡಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಂದು ಹಾಳೆ ತುಂಬ ಹೊಡೆದದ್ದನ್ನೇ ಹೊಡೆಯುವುದು. ಕೆಳಗೆ ನೋಡಿದರೆ ಮೇಷ್ಟರ ಕೈಯ ಅಡಿಪಟ್ಟಿ ಬೆರಳ ಗೆಣ್ಣಿಗೆ ಬೀಳುತ್ತಿತ್ತು. ಅಡಿಪಟ್ಟಿಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಮೇಷ್ಟರು ಕಲಿಸುತ್ತಿದ್ದ ವಿಷಯ ಮಾತ್ರ ಸರಿಯಾಗಿತ್ತು.

ಗೋದ್ರೆಜ್ ಕಂಪನಿ ಭಾರತದಲ್ಲಿ ಬೆರಳಚ್ಚು ಯಂತ್ರ ಮಾಡಲು ಆರಂಭಿಸಿದ್ದು 1955ರಲ್ಲಿ. 2011ರ ಹೊತ್ತಿಗೆ ಅದರ ಕೊನೆಯ ದಾಸ್ತಾನು ಮುಗಿಯುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ ಬಂತು. ಯಂತ್ರ ಹೋಯಿತು, ಅದರ ಬೆನ್ನಿಗೆ ಇನ್‌ಸ್ಟಿಟ್ಯೂಟುಗಳೂ ಒಂದೊಂದಾಗಿ ಹೋದವು. ತಮಾಷೆ ನೋಡಿ, ಕೀಲಿಮಣೆ ಮಾತ್ರ ಹೋಗಲಿಲ್ಲ. ಮೊದಲು ಕಚೇರಿಗೊಬ್ಬ ಟೈಪಿಸ್ಟ್ ಇದ್ದ ಜಾಗದಲ್ಲಿ ಈಗ ಎಲ್ಲರ ಮುಂದೆಯೂ ಒಂದೊಂದು ಕೀಲಿಮಣೆ. ಕಲಿಸುವ ಮೇಷ್ಟರು ಮಾತ್ರ ಇಲ್ಲ.

ನೋಡದೆ ಹೊಡೆಯುವ ಈ ವಿದ್ಯೆ ಲೋಕಕ್ಕೆ ಗೊತ್ತಾದದ್ದು ಒಂದು ಜಿದ್ದಿನ ಪಂದ್ಯದಿಂದ. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ 1888ರ ಜುಲೈ 25ರಂದು ಇಬ್ಬರು ಎದುರುಬದುರು ಕೂತರು. ಒಬ್ಬ ಲೂಯಿ ಟ್ರಾಬ್, ಕೆಲವೇ ಬೆರಳುಗಳಲ್ಲಿ, ಕೀಲಿಗಳನ್ನು ನೋಡುತ್ತ ಬಲು ವೇಗವಾಗಿ ಹೊಡೆಯುವವನು. ಇನ್ನೊಬ್ಬ ಫ್ರಾಂಕ್ ಮೆಕ್‌ಗರಿನ್, ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರ. ಅವನು ರೆಮಿಂಗ್ಟನ್ ಯಂತ್ರದ ಕೀಲಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಹತ್ತೂ ಬೆರಳಿಗೆ ಕೆಲಸ ಹಂಚಿ, ಕೆಳಗೆ ನೋಡದೆಯೇ ಹೊಡೆಯುತ್ತಿದ್ದ. ಗೆದ್ದವನು ಮೆಕ್‌ಗರಿನ್. ಇದಕ್ಕಿಂತ ಸ್ವಾರಸ್ಯದ ಸಂಗತಿ ಎಂದರೆ, ಹೇಳಿಸಿಕೊಂಡು ಹೊಡೆಯುವ ಸುತ್ತಿಗಿಂತ ಕಾಗದ ನೋಡಿ ನಕಲು ಮಾಡುವ ಸುತ್ತಿನಲ್ಲಿ ಇಬ್ಬರ ಅಂತರ ಹೆಚ್ಚಾಯಿತು. ಟ್ರಾಬ್‌ನ ಕಣ್ಣು ಕಾಗದಕ್ಕೂ ಕೀಲಿಗೂ ನಡುವೆ ಓಡಾಡಬೇಕಿತ್ತು. ಮೆಕ್‌ಗರಿನ್‌ನ ಕಣ್ಣು ಕಾಗದ ಬಿಟ್ಟು ಕದಲಲಿಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ಕೂತ ನಮ್ಮ ಹುಡುಗಿಯ ಕಷ್ಟ ಟ್ರಾಬ್‌ನ ಕಷ್ಟವೇ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಿಬಿಡಬೇಕು. ಹತ್ತು ಬೆರಳು ಬಳಸಿದರೆ ಮಾತ್ರ ವೇಗ ಬರುತ್ತದೆ ಎಂದು ಜಾಹೀರಾತಿನವರು ಹೇಳುವುದು ಪೂರ್ತಿ ನಿಜವಲ್ಲ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರಮವಾಗಿ ಕಲಿಯದೆ ತಮ್ಮದೇ ರೀತಿಯಲ್ಲಿ ರೂಢಿಸಿಕೊಂಡ ಕೆಲವರು ಹತ್ತು ಬೆರಳಿನವರಷ್ಟೇ ವೇಗವಾಗಿದ್ದರು. ವರ್ಷಗಟ್ಟಲೆ ದಿನವೂ ಹೊಡೆದು ಪಳಗಿದವರಿಗೆ ಅದು ಸಾಧ್ಯ. ಆದರೆ ಆ ಅಧ್ಯಯನದಲ್ಲೇ ಕಂಡ ಇನ್ನೊಂದು ಸಂಗತಿ, ಕ್ರಮವಾಗಿ ಕಲಿಯದವರ ಕಣ್ಣು ಕೈಯ ಕಡೆಗೆ ಹೆಚ್ಚು ಹೋಗುತ್ತದೆ ಎಂಬುದು. ಅದೇ ವಿಶ್ವವಿದ್ಯಾಲಯದವರು 2018ರಲ್ಲಿ 1 ಲಕ್ಷ 68 ಸಾವಿರ ಜನರ ಬೆರಳೋಟವನ್ನು ಅಂತರಜಾಲದ ಮೂಲಕ ದಾಖಲಿಸಿದಾಗ ಸರಾಸರಿ ವೇಗ ನಿಮಿಷಕ್ಕೆ 52 ಪದದಷ್ಟು ಕಂಡಿತು. ವೇಗದವರು ತಪ್ಪನ್ನೂ ಕಡಿಮೆ ಮಾಡುತ್ತಿದ್ದರು. ಹಾಗಾಗಿ ವೇಗಕ್ಕಾಗಿ ಕಲಿಯಿರಿ ಎಂದು ನಾನು ಹೇಳುವುದಿಲ್ಲ. ಕಣ್ಣಿಗೆ ಬಿಡುವು ಸಿಗಲಿ ಎಂದು ಕಲಿಯಿರಿ. ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಯೋಚನೆ ಮುಂದೆ ಓಡುತ್ತಿರುವಾಗ ಪಿ ಎಲ್ಲಿದೆ ಎಂದು ಹುಡುಕುವುದಿದೆಯಲ್ಲ, ಅದು ಓಟದ ನಡುವೆ ಚಪ್ಪಲಿ ಕಳಚಿ ಬಿದ್ದ ಹಾಗೆ.

ಈಗ ಉಚಿತ ತಂತ್ರಾಂಶಗಳ ವಿಷಯಕ್ಕೆ ಬರೋಣ. ಅಂತರಜಾಲದಲ್ಲಿ ಇವು ಬೇಕಾದಷ್ಟಿವೆ. ಎಲ್ಲವನ್ನೂ ಪಟ್ಟಿ ಮಾಡುವುದು ವ್ಯರ್ಥ, ಒಂದನ್ನು ಹಿಡಿದರೆ ಸಾಕು. ಟೈಪಿಂಗ್‌ಕ್ಲಬ್ ಎಂಬುದು ಮಕ್ಕಳಿಗೆ ಒಳ್ಳೆಯದು. ಮೊದಲ ಪಾಠದಲ್ಲಿ ಎಫ್ ಮತ್ತು ಜೆ, ಈ ಎರಡೇ ಕೀಲಿ. ಪರದೆಯ ಮೇಲೆ ಕೈಗಳ ಚಿತ್ರ ಬಂದು ಯಾವ ಬೆರಳು ಏಳಬೇಕೆಂದು ತೋರಿಸುತ್ತದೆ, ಪಾಠ ಮುಗಿದಾಗ ನಕ್ಷತ್ರಗಳನ್ನು ಕೊಡುತ್ತದೆ. ಕೀಬ್ರ್ ಎಂಬ ಇನ್ನೊಂದರ ಜಾಣತನ ಬೇರೆ. ಅದು ಆರೇ ಅಕ್ಷರಗಳಿಂದ ಆರಂಭಿಸಿ, ನಿಮ್ಮ ಬೆರಳು ಯಾವ ಅಕ್ಷರದಲ್ಲಿ ಎಡವುತ್ತದೆ ಎಂದು ಲೆಕ್ಕ ಇಟ್ಟುಕೊಂಡು, ಆ ಅಕ್ಷರವೇ ಮತ್ತೆ ಮತ್ತೆ ಬರುವ ಪದಗಳನ್ನು ಹುಟ್ಟಿಸುತ್ತದೆ. ಹಳೆಯ ಮೇಷ್ಟರು ಹಿಂದೆ ನಿಂತು ಮಾಡುತ್ತಿದ್ದ ಕೆಲಸವನ್ನೇ ಇದು ಅಡಿಪಟ್ಟಿಯಿಲ್ಲದೆ ಮಾಡುತ್ತದೆ. ಮಂಕಿಟೈಪ್ ಎಂಬುದು ಕಲಿತವರ ವೇಗದ ಪರೀಕ್ಷೆಗೆ, ಆರಂಭದಲ್ಲಿ ಅದರ ಸಹವಾಸ ಬೇಡ. ಮನೆಯಲ್ಲಿ ಅಂತರಜಾಲ ಸಂಪರ್ಕ ಸರಿಯಿಲ್ಲದಿದ್ದರೆ ಒಮ್ಮೆ ಇಳಿಸಿಕೊಂಡು ಬಳಸಬಹುದಾದ ಟಕ್ಸ್ ಟೈಪಿಂಗ್ ಇದೆ. ಮೇಲಿನಿಂದ ಬೀಳುವ ಮೀನಿನ ಮೇಲಿನ ಅಕ್ಷರವನ್ನು ಹೊಡೆದರೆ ಪೆಂಗ್ವಿನ್ ಮೀನನ್ನು ನುಂಗುತ್ತದೆ. ಸಣ್ಣ ಮಕ್ಕಳು ಇದನ್ನು ಬಿಟ್ಟೇಳುವುದಿಲ್ಲ.

ಒಂದೆರಡು ಎಚ್ಚರಿಕೆ ಬೇಕು. ಉಚಿತ ತಾಣಗಳ ಅಂಚಿನಲ್ಲಿ ಜಾಹೀರಾತುಗಳಿರುತ್ತವೆ. ಅವುಗಳಲ್ಲಿ ಇಳಿಸಿಕೊಳ್ಳಿ ಎಂದು ದೊಡ್ಡ ಹಸಿರು ಗುಂಡಿ ಇದ್ದರೆ ಅದು ಪಾಠದ ಗುಂಡಿಯಲ್ಲ. ಮಗುವಿಗೆ ಮೊದಲ ದಿನವೇ ತೋರಿಸಿಕೊಡಿ. ಇನ್ನು ಪ್ರಮಾಣಪತ್ರ ಕೊಡುತ್ತೇವೆ, ಇಷ್ಟು ರೂಪಾಯಿ ಕಟ್ಟಿ ಎನ್ನುವ ತಾಣಗಳ ಕಾಗದವನ್ನು ಸರ್ಕಾರಿ ಬೆರಳಚ್ಚು ಪರೀಕ್ಷೆಯ ಪ್ರಮಾಣಪತ್ರ ಎಂದು ತಿಳಿಯಬೇಡಿ.

ಕೂರುವ ಕ್ರಮ ಹೇಳಿದರೆ ಮುಗಿಯಿತು. ಎಫ್ ಮತ್ತು ಜೆ ಕೀಲಿಗಳನ್ನು ಮುಟ್ಟಿ ನೋಡಿ, ಅವುಗಳ ಮೇಲೆ ಸಣ್ಣ ಉಬ್ಬು ಇದೆ. ಕುರುಡಗತ್ತಲೆಯಲ್ಲೂ ತೋರುಬೆರಳು ಮನೆ ಸೇರಲು ಇಟ್ಟ ಗುರುತು ಅದು. ಎಡಗೈಯ ನಾಲ್ಕು ಬೆರಳು ಎ ಎಸ್ ಡಿ ಎಫ್ ಮೇಲೆ, ಬಲಗೈಯ ನಾಲ್ಕು ಜೆ ಕೆ ಎಲ್ ಸೆಮಿಕೋಲನ್ ಮೇಲೆ, ಹೆಬ್ಬೆರಳು ಕೆಳಗಿನ ಉದ್ದ ಪಟ್ಟಿಯ ಮೇಲೆ. ಯಾವ ಬೆರಳು ಎಲ್ಲಿಗೆ ಹೋದರೂ ಹೊಡೆದ ಮೇಲೆ ಮನೆಗೆ ಮರಳಬೇಕು. ಕಣ್ಣು ಕೆಳಗೆ ಜಾರುತ್ತದೆಯೇ? ಕೈಗಳ ಮೇಲೆ ಒಂದು ಟವೆಲ್ ಹಾಸಿ. ಇದಕ್ಕಿಂತ ಅಗ್ಗದ ಉಪಕರಣ ಇನ್ನೊಂದಿಲ್ಲ.

ಎಷ್ಟು ಹೊತ್ತು ಅಭ್ಯಾಸ ಮಾಡಬೇಕು? ಪೋಷಕರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಬೇಸಿಗೆ ರಜೆಯಲ್ಲಿ ಹದಿನೈದು ದಿನ, ದಿನಕ್ಕೆ ಮೂರು ನಾಲ್ಕು ಗಂಟೆ ಕೂರಿಸಿ ಮುಗಿಸಿಬಿಡೋಣ ಎನ್ನುತ್ತಾರೆ. ಬ್ರಿಟನ್ನಿನ ಅಂಚೆ ಇಲಾಖೆ ಇದೇ ಪ್ರಶ್ನೆಯನ್ನು ಎದುರಿಸಿತ್ತು. ಅಂಚೆಯವರಿಗೆ ಪಿನ್‌ಕೋಡಿನಂಥ ಸಂಕೇತಗಳನ್ನು ಕೀಲಿಮಣೆಯಲ್ಲಿ ಒತ್ತುವುದನ್ನು ಬೇಗ ಕಲಿಸಬೇಕಿತ್ತು. ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ, ಇನ್ನೊಂದು ತುದಿಯ ಗುಂಪಿಗೆ ದಿನಕ್ಕೆ ನಾಲ್ಕು ಗಂಟೆ. 1978ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಕೀಲಿಮಣೆ ಕಲಿಯಲು ಒಂದು ಗಂಟೆಯವರಿಗೆ ಒಟ್ಟು 35 ಗಂಟೆಯ ಆಸುಪಾಸು ಸಾಕಾಯಿತು, ನಾಲ್ಕು ಗಂಟೆಯವರಿಗೆ 50ರ ಆಸುಪಾಸು ಬೇಕಾಯಿತು. ದಿನಗಳ ಲೆಕ್ಕದಲ್ಲಿ ನಾಲ್ಕು ಗಂಟೆಯವರು ಬೇಗ ಮುಗಿಸಿದರು ನಿಜ. ಗಂಟೆಗಳ ಲೆಕ್ಕದಲ್ಲಿ ಮಾತ್ರ ಅವರಿಗೆ ನಷ್ಟ. ತಮಾಷೆ ಎಂದರೆ ಅತ್ಯಂತ ಅತೃಪ್ತರಾಗಿದ್ದವರು ಆ ಒಂದು ಗಂಟೆಯ ಗುಂಪಿನವರೇ! ಉಳಿದವರಿಗಿಂತ ತಾವು ಹಿಂದೆ ಬೀಳುತ್ತಿದ್ದೇವೆ ಎಂಬ ಭಾವನೆ ಅವರಿಗೆ.

ಮಕ್ಕಳಿಗೆ ಒಂದು ಗಂಟೆಯೂ ಜಾಸ್ತಿ. ದಿನಕ್ಕೆ 20 ನಿಮಿಷ ಸಾಕು, ಆದರೆ ತಪ್ಪಿಸಬಾರದು. ಎರಡು ತಿಂಗಳಿಗೆ 20 ಗಂಟೆಯಾಗುತ್ತದೆ. ಅಷ್ಟರಲ್ಲಿ ಬಹುತೇಕ ಮಕ್ಕಳ ಬೆರಳಿಗೆ ದಾರಿ ಗೊತ್ತಾಗಿರುತ್ತದೆ, ವೇಗ ಆಮೇಲೆ ತಾನಾಗಿ ಬರುತ್ತದೆ. ಮೊದಲ ಎರಡು ಮೂರು ವಾರ ಮಾತ್ರ ಕಠಿಣ. ಎರಡು ಬೆರಳಿನಲ್ಲಿ ಸರಾಗವಾಗಿ ಹೊಡೆಯುತ್ತಿದ್ದ ಹುಡುಗ ಹತ್ತು ಬೆರಳಿಗೆ ಬಂದಾಗ ಮೊದಲಿಗಿಂತ ನಿಧಾನವಾಗುತ್ತಾನೆ. ಸಿಟ್ಟು ಬರುತ್ತದೆ, ಶಾಲೆಯ ಪ್ರಾಜೆಕ್ಟ್ ಹೊಡೆಯುವಾಗ ಕದ್ದು ಹಳೆಯ ರೀತಿಗೇ ಹೋಗುತ್ತಾನೆ. ಬಿಡುವವರೆಲ್ಲ ಬಿಡುವುದು ಈ ಹಂತದಲ್ಲೇ. ಆದ್ದರಿಂದ ಪರೀಕ್ಷೆಯ ತಿಂಗಳಲ್ಲಿ, ಪ್ರಾಜೆಕ್ಟ್ ಒಪ್ಪಿಸುವ ವಾರದಲ್ಲಿ ಇದನ್ನು ಆರಂಭಿಸಬೇಡಿ. ಆ ಮೂರು ವಾರ ಪರದೆಯ ಮೂಲೆಯಲ್ಲಿ ಕಾಣುವ ವೇಗದ ಅಂಕಿಯನ್ನು ತಂದೆ ತಾಯಿ ಕೇಳಲೇಬಾರದು. ತಪ್ಪು ಎಷ್ಟು ಎಂದು ಕೇಳಿ. ನೂರಕ್ಕೆ ತೊಂಬತ್ತೈದು ಸರಿಯಿಲ್ಲದಿದ್ದರೆ ಮುಂದಿನ ಪಾಠಕ್ಕೆ ಹೋಗುವುದು ಬೇಡ. ಪಕ್ಕದ ಮನೆಯ ಮಗುವಿನ ವೇಗವನ್ನು ಎತ್ತುವುದಂತೂ ಬೇಡವೇ ಬೇಡ.

ಈ ವಿದ್ಯೆ ಎಲ್ಲಿ ಉಳಿಯುತ್ತದೆ ಎಂಬುದಕ್ಕೆ ಒಂದು ಚಂದದ ಪುರಾವೆ ಇದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ನಿಮಿಷಕ್ಕೆ 70ಕ್ಕೂ ಹೆಚ್ಚು ಪದ ಹೊಡೆಯುವ ಜನರಿಗೆ ಅಕ್ಷರಗಳಿಲ್ಲದ ಖಾಲಿ ಕೀಲಿಮಣೆಯ ಚಿತ್ರ ಕೊಟ್ಟು ತುಂಬಿ ಎಂದರು. 26ರಲ್ಲಿ ಸರಾಸರಿ 15 ಅಕ್ಷರಗಳನ್ನಷ್ಟೇ ಅವರು ಸರಿಯಾಗಿ ತುಂಬಿದರು. 2014ರ ಮಾತು. ತಲೆಗೆ ಗೊತ್ತಿಲ್ಲದ್ದು ಬೆರಳಿಗೆ ಗೊತ್ತು! ರಂಗೋಲಿ ಎಳೆಯುವ ಅಜ್ಜಿಯನ್ನು ಕೇಳಿ ನೋಡಿ, ಎಷ್ಟು ಚುಕ್ಕಿ ಎಂದು ಬಾಯಲ್ಲಿ ಹೇಳಲು ತಡವರಿಸುತ್ತಾರೆ, ಕೈ ತಡವರಿಸುವುದಿಲ್ಲ. ಹೀಗಾಗಿ ಕೀಲಿಮಣೆಯ ನಕ್ಷೆಯನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ.

ನಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲವಲ್ಲ ಎನ್ನುವ ಮನೆಗಳು ಈ ಭಾಗದಲ್ಲಿ ಬಹಳ. ಇರುವುದು ಒಂದು ಮೊಬೈಲು, ಅದೂ ತಂದೆ ಪಾಳಿ ಮುಗಿಸಿ ಬಂದ ಮೇಲೆ. ಮೊಬೈಲಿನ ಗಾಜಿನ ಮೇಲೆ ಎರಡು ಹೆಬ್ಬೆರಳಿನಲ್ಲಿ ಒತ್ತುವುದು ಈ ವಿದ್ಯೆಯಲ್ಲ, ಅದರಿಂದ ಇದು ಬರುವುದೂ ಇಲ್ಲ. ಆದರೆ ಕೆಲವು ನೂರು ರೂಪಾಯಿಗೆ ಸಿಗುವ ಸಾಮಾನ್ಯ ಕೀಲಿಮಣೆಯನ್ನು ಓಟಿಜಿ ಎನ್ನುವ ಪುಟ್ಟ ಜೋಡಕದ ಮೂಲಕ ಹೆಚ್ಚಿನ ಆಂಡ್ರಾಯ್ಡ್ ಮೊಬೈಲುಗಳಿಗೆ ಸಿಕ್ಕಿಸಬಹುದು. ಮೊಬೈಲನ್ನು ಲೋಟಕ್ಕೆ ಒರಗಿಸಿ ನಿಲ್ಲಿಸಿದರೆ ಅದೇ ಪರದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಮ್ಮ ಮೊಬೈಲಿಗೆ ಸಿಕ್ಕಿಸಿ ನೋಡಿ. ಸುತ್ತಲಿನ ಹಳ್ಳಿಗಳವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನೂ ವಿಚಾರಿಸಬೇಕು. ಅರಿವು ಕೇಂದ್ರ ಎಂದು ಕರೆಯುವ ಇವುಗಳಲ್ಲಿ ಅನೇಕ ಕಡೆ ಈಗ ಗಣಕಗಳಿವೆ, ಮಕ್ಕಳ ಸದಸ್ಯತ್ವ ಉಚಿತ. ಗಣಕ ಮುಸುಕು ಹೊದ್ದು ಕೂತಿದ್ದರೆ ಮುಸುಕು ತೆಗೆಸುವ ಹಕ್ಕು ನಿಮ್ಮದು.

ಅಂಕಿಗಳ ಬಗ್ಗೆ ಎರಡು ಮಾತು. ಹೆಚ್ಚಿನ ಉಚಿತ ಪಾಠಗಳಲ್ಲಿ ಅಂಕಿಗಳು ಬರುವುದು ಕೊನೆಗೆ, ಅಷ್ಟರಲ್ಲಿ ಮಕ್ಕಳಿಗೆ ಬೇಸರ ಬಂದಿರುತ್ತದೆ. ಆದರೆ ಪೀಣ್ಯ, ಮಾದನಾಯಕನಹಳ್ಳಿಯ ಕಚೇರಿಗಳಲ್ಲಿ ಅಕ್ಷರಕ್ಕಿಂತ ಅಂಕಿಯೇ ಹೆಚ್ಚು. ದೊಡ್ಡ ಕೀಲಿಮಣೆಯ ಬಲಬದಿಯ ಅಂಕಿಗಳ ಗುಂಪಿನಲ್ಲಿ 5ರ ಮೇಲೆ ಉಬ್ಬು ಇರುತ್ತದೆ. ತೋರು, ನಡು, ಉಂಗುರ ಬೆರಳುಗಳು 4, 5, 6ರ ಮೇಲೆ, ಹೆಬ್ಬೆರಳು ಸೊನ್ನೆಯ ಮೇಲೆ. ಮೊಬೈಲಿನಲ್ಲಿ 1, 2, 3 ಮೇಲಿನ ಸಾಲಿನಲ್ಲಿದ್ದರೆ ಇಲ್ಲಿ 7, 8, 9 ಮೇಲಿರುತ್ತವೆ. ಮೊಬೈಲಿಗೆ ಪಳಗಿದ ಮಕ್ಕಳು 1ರ ಜಾಗದಲ್ಲಿ 7 ಹೊಡೆಯುವುದು ಇದರಿಂದಲೇ. ವಾಣಿಜ್ಯ ಓದುವ ಮಕ್ಕಳು ವಾರಕ್ಕೆರಡು ದಿನ ಮನೆಯ ಹಳೆಯ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಅಂಕಿಗಳನ್ನಷ್ಟೇ ಹೊಡೆದರೆ ಸಾಕು.

ಕೆಲಸದ ಮಾತು ಬಂತು. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಪಿಯುಸಿ ಮಟ್ಟದ ಗುಮಾಸ್ತರ ಹುದ್ದೆಗೆ ನಡೆಸುವ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ನಿಮಿಷಕ್ಕೆ 35 ಪದದ ವೇಗ ಕೇಳುತ್ತದೆ. ಗಂಟೆಗೆ 10,500 ಕೀಲಿ ಒತ್ತುಗಳು ಎಂದು ಅವರೇ ಲೆಕ್ಕ ಬಿಡಿಸಿರುತ್ತಾರೆ. ಅಂದರೆ ಐದು ಒತ್ತಿಗೆ ಒಂದು ಪದ, ನಡುವಿನ ತೆರವೂ ಲೆಕ್ಕಕ್ಕೆ ಸೇರುತ್ತದೆ. ಹತ್ತು ನಿಮಿಷದ ಪರೀಕ್ಷೆ, 1,750 ಒತ್ತು. ಲಿಖಿತ ಪರೀಕ್ಷೆ ಗೆದ್ದು ಇಲ್ಲಿ ಸೋಲುವುದು ಬಹಳ ಹೊಟ್ಟೆ ಉರಿಸುವ ಸೋಲು. ನಮ್ಮ ರಾಜ್ಯದ ನ್ಯಾಯಾಲಯಗಳ ಬೆರಳಚ್ಚುಗಾರರ ಹುದ್ದೆಗಳಿಗೆ ಕನ್ನಡ, ಇಂಗ್ಲಿಷ್ ಎರಡರ ಬೆರಳಚ್ಚು ಪರೀಕ್ಷೆಯ ಪ್ರಮಾಣಪತ್ರ ಕೇಳುವುದುಂಟು. ಯಾವ ದರ್ಜೆ ಎಂಬುದನ್ನು ಆಯಾ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಮನೆಯಲ್ಲೇ ಕೂತು ಟೈಪ್ ಮಾಡಿ, ತಿಂಗಳಿಗೆ ಇಪ್ಪತ್ತು ಸಾವಿರ ಗಳಿಸಿ ಎಂಬ ಸಂದೇಶಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಮೊದಲು ನೋಂದಣಿ ಶುಲ್ಕ ಎನ್ನುತ್ತಾರೆ. ನೂರಾರು ಪುಟ ಹೊಡೆಸಿಕೊಳ್ಳುತ್ತಾರೆ. ಕೊನೆಗೆ ನಿಮ್ಮ ಕೆಲಸದಲ್ಲಿ ತಪ್ಪು ಹೆಚ್ಚಾಗಿದೆ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟದಿದ್ದರೆ ಕೋರ್ಟು ಎಂದು ವಕೀಲರ ಹೆಸರಿನಲ್ಲಿ ಹೆದರಿಸುತ್ತಾರೆ. ಕಾಲೇಜು ಹುಡುಗಿಯರು, ಮನೆಯಲ್ಲಿರುವ ತಾಯಂದಿರು ಇದಕ್ಕೆ ಬಲಿಯಾಗುವುದು ಹೆಚ್ಚು. ಮನೆಯವರು ಬೈದಾರು ಎಂದು ಗುಟ್ಟಾಗಿ ದುಡ್ಡು ಕಟ್ಟುತ್ತಾರೆ. ಕೆಲಸ ಕೊಡುವವನು ಕೆಲಸಗಾರನಿಂದ ದುಡ್ಡು ಕೇಳುವುದಿಲ್ಲ. ಹೀಗೆ ಹೆದರಿಸಿದವರ ಬಗ್ಗೆ 1930ಕ್ಕೆ ಕರೆ ಮಾಡಿ ದೂರು ಕೊಡಿ. ಮಕ್ಕಳು ಬಂದು ಹೇಳಿದಾಗ ಬೈಯಬೇಡಿ.

ಕೊನೆಯದಾಗಿ ಕನ್ನಡ. ಉಚಿತ ತಾಣಗಳ ಪಾಠಗಳು ಹೆಚ್ಚಾಗಿ ಇಂಗ್ಲಿಷಿನವು. ಹಾಗೆಂದು ಕನ್ನಡಕ್ಕೆ ಮತ್ತೆ ಮೊದಲಿನಿಂದ ಕಲಿಯಬೇಕೆ? ಹಳೆಯ ಕಾಲದಲ್ಲಾದರೆ ಹೌದು. ಅನಂತಸುಬ್ಬರಾಯರು ರೂಪಿಸಿದ ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯೇ ಬೇರೆ. ನಮ್ಮ ಗುಣಿತ, ಒತ್ತಕ್ಷರಗಳ ಸಂಸಾರವನ್ನೆಲ್ಲ ಅಷ್ಟು ಕೀಲಿಗಳಲ್ಲಿ ಕೂರಿಸಿದ್ದು ಸಾಹಸವೇ ಸರಿ, ಆದರೆ ಇಂಗ್ಲಿಷ್ ಕಲಿತ ಬೆರಳಿಗೆ ಅಲ್ಲಿ ಎಲ್ಲವೂ ಅಪರಿಚಿತ. ಆ ಗೋಡೆಯನ್ನು ಒಡೆದವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ.ಪಿ. ರಾವ್. ಸಿಂಧೂ ಲಿಪಿಯ ಅಧ್ಯಯನದಲ್ಲಿ ಐರಾವತಂ ಮಹಾದೇವನ್ ಅವರಿಗೆ ನೆರವಾದವರು ಇವರೇ. ಕನ್ನಡದ ಧ್ವನಿಗೆ ಹತ್ತಿರದ ಇಂಗ್ಲಿಷ್ ಕೀಲಿಯನ್ನೇ ಕೊಟ್ಟು, ಅಲ್ಪಪ್ರಾಣಕ್ಕೆ ಕೀಲಿ, ಮಹಾಪ್ರಾಣಕ್ಕೆ ಅದೇ ಕೀಲಿಯ ಜೊತೆ ಶಿಫ್ಟ್ ಎಂದು ಅವರು ಮಾಡಿದ ವಿನ್ಯಾಸ ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಮನೆಮನೆಗೆ ಬಂತು. ಸೇಡಿಯಾಪು ಎಂಬ ತಮ್ಮ ತಂತ್ರಾಂಶವನ್ನು ಅವರು ಉಚಿತವಾಗಿಯೇ ಕೊಟ್ಟರು.

ಈ ವಿನ್ಯಾಸದಲ್ಲಿ ಒತ್ತಕ್ಷರ ಮಾಡುವ ಕೀಲಿ ಎಫ್. ಅದು ಎಡ ತೋರುಬೆರಳ ಮನೆ, ಬೆರಳು ಕದಲಬೇಕಾಗಿಲ್ಲ. ಕನ್ನಡದಲ್ಲಿ ಒತ್ತಕ್ಷರ ಎಷ್ಟು ಸಲ ಬರುತ್ತದೆ ಎಂದು ಬಲ್ಲವರಿಗೆ ಈ ಆಯ್ಕೆಯ ಬೆಲೆ ಗೊತ್ತಾಗುತ್ತದೆ. ಅಮ್ಮ ಎನ್ನಲು ಎ, ಎಂ, ಎಫ್, ಎಂ. ಇಂಗ್ಲಿಷ್ ಪಾಠಗಳು ಕನ್ನಡದವರಿಗೆ ಕಲಿಸದ ಸಂಗತಿ ಎಂದರೆ ಶಿಫ್ಟ್. ಇಂಗ್ಲಿಷಿನಲ್ಲಿ ವಾಕ್ಯಕ್ಕೊಂದೆರಡು ಸಲ ಬಂದರೆ ಹೆಚ್ಚು. ಕನ್ನಡದಲ್ಲಿ ದೀರ್ಘಕ್ಕೆ, ಸೊನ್ನೆಗೆ, ಳಕಾರ, ಣಕಾರ, ಶಕಾರಗಳಿಗೆ ಎಲ್ಲಕ್ಕೂ ಶಿಫ್ಟ್ ಬೇಕು. ಬೆಂಗಳೂರು ಎಂಬ ಎಂಟು ಒತ್ತಿನ ಪದದಲ್ಲಿ ಮೂರು ಸಲ. ಗಳು ಹಚ್ಚಿದ ಪ್ರತಿ ಬಹುವಚನಕ್ಕೂ ಒಂದು ಸಲ. ಅಕ್ಷರ ಬಲಗೈಯದಾದರೆ ಶಿಫ್ಟ್ ಎಡ ಕಿರುಬೆರಳಿನದು, ಅಕ್ಷರ ಎಡಗೈಯದಾದರೆ ಬಲ ಕಿರುಬೆರಳಿನದು. ಈ ನಿಯಮವನ್ನು ಮೊದಲ ದಿನದಿಂದ ಪಾಲಿಸದ ಕನ್ನಡ ಬೆರಳಚ್ಚುಗಾರರ ಎಡ ಕಿರುಬೆರಳು ಸಂಜೆಯ ಹೊತ್ತಿಗೆ ನೋಯುತ್ತದೆ.

ಭಾರತೀಯ ಭಾಷೆಗಳಿಗೆಲ್ಲ ಒಂದೇ ಆಗಿರುವ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸವೂ ಇದೆ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ ಎಂಬ ಹಂಚಿಕೆ. ಹಿಂದಿ, ತೆಲುಗಿನಲ್ಲೂ ಹೊಡೆಯಬೇಕಾದವರಿಗೆ ಅದು ವಾಸಿ. ಹೊಸದಾಗಿ ಕಲಿಯುವ ಮಕ್ಕಳಿಗೆ ಕೆ.ಪಿ. ರಾವ್ ವಿನ್ಯಾಸವೇ ಸುಲಭ ಎಂದು ನನ್ನ ಅನಿಸಿಕೆ. ಎರಡನ್ನೂ ಒಟ್ಟಿಗೆ ಕಲಿಯಹೊರಟರೆ ಎರಡೂ ಬರುವುದಿಲ್ಲ.

ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಬರೆದು ಕನ್ನಡ ಪಡೆಯುವ ರೂಢಿ ಮೊಬೈಲಿನಿಂದ ಮಕ್ಕಳಿಗೆ ಬಂದಿರುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರು ಕೊಟ್ಟ ಬರಹ ತಂತ್ರಾಂಶದಲ್ಲೂ ಈ ದಾರಿ ಇತ್ತು, ಗಣಕದಲ್ಲಿ ಕನ್ನಡ ಬರೆಯಲು ಅಂಜುತ್ತಿದ್ದ ಎಷ್ಟೋ ಜನರಿಗೆ ಅದು ಊರುಗೋಲಾಯಿತು. ಆದರೆ ಅಲ್ಲಿ ಪ್ರತಿ ವ್ಯಂಜನದ ಬೆನ್ನಿಗೂ ಒಂದು ಎ ಒತ್ತಬೇಕು. ನುಡಿಯಲ್ಲಿ ಅಕಾರ ವ್ಯಂಜನದೊಳಗೇ ಇರುತ್ತದೆ. ವ್ಯತ್ಯಾಸ ಎಷ್ಟೆಂದು ನೋಡಬೇಕಾದರೆ ಮಗುವಿಗೆ ಮಾದನಾಯಕನಹಳ್ಳಿ ಎಂದು ಎರಡೂ ರೀತಿಯಲ್ಲಿ ಹೊಡೆಯಲು ಹೇಳಿ. ಬರಹದ ರೀತಿಯಲ್ಲಿ 17 ಒತ್ತು, ನುಡಿಯ ರೀತಿಯಲ್ಲಿ 13. ಎರಡರಲ್ಲೂ ಶಿಫ್ಟ್ ನಾಲ್ಕು ಸಲ, ಎರಡು ದೀರ್ಘಕ್ಕೆ, ಎರಡು ಳಕಾರಕ್ಕೆ. ಅದು ಟವೆಲಿನ ಕೆಳಗೆ ಸರಿಯಾಗಿ ಬಂದ ದಿನ ಪಕ್ಕದ ಚಿಕ್ಕಬಿದರಕಲ್ಲು ಹೊಡೆಯಲು ಕೊಡಿ.